‘ನಾನ್ ಆಕ್ಸಿಡೆಂಟ್’ ಎಂದು ಕೊಟ್ಟ ಕಾರಿನಲ್ಲಿ ಮೋಸ ಕಂಡರೆ ಏನು ಮಾಡಬೇಕು?

‘ಸಿಂಗಲ್ ಓನರ್ ಸಾರ್, ನಾನ್ ಆಕ್ಸಿಡೆಂಟ್, ನಲವತ್ತು ಸಾವಿರ ಓಡಿದೆ ಅಷ್ಟೇ.’ ಈ ಮಾತು ನಂಬಿ ತುಮಕೂರಿನವರೊಬ್ಬರು ಸೆಕೆಂಡ್ ಹ್ಯಾಂಡ್ ಕಾರು ತಂದರು ಎಂದಿಟ್ಟುಕೊಳ್ಳಿ. ತಿಂಗಳೊಳಗೆ ವೈರಿಂಗ್ ಕೈಕೊಡುತ್ತದೆ. ಗ್ಯಾರೇಜಿನಲ್ಲಿ ಮ್ಯಾಟ್ ಎತ್ತಿದರೆ ಅಡಿಯಲ್ಲಿ ಒಣಗಿದ ಕೆಸರು, ಸೀಟಿನ ಹಳಿಗೆ ತುಕ್ಕು. ನೀರಿನಲ್ಲಿ ಮುಳುಗೆದ್ದ ಗಾಡಿ! 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಬೆಳ್ಳಂದೂರು ಸುತ್ತಮುತ್ತ ಕಾರುಗಳು ನೀರಿನಲ್ಲಿ ನಿಂತದ್ದನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದ್ದೇವೆ. ಅವೆಲ್ಲ ಗುಜರಿಗೇ ಹೋದವು ಎಂದು ನಂಬಿ ಕೂರುವ ಹಾಗಿಲ್ಲ.

ಹಳೇ ಕಾರು ಕೆಟ್ಟಿತು ಎಂಬುದಷ್ಟರಿಂದಲೇ ಕೇಸು ಗೆಲ್ಲಲಾಗದು. ಎಂಟು ವರ್ಷದ ಗಾಡಿಯ ಕ್ಲಚ್ ಸವೆದರೆ ಅದು ಸಹಜ ಸವಕಳಿ ಎಂದೇ ಗ್ರಾಹಕರ ದೂರು ವಿಚಾರಿಸುವ ಗ್ರಾಹಕ ಆಯೋಗವೂ ಹೇಳುತ್ತದೆ. ಮಾರುವವರು ಏನು ಹೇಳಿದರು, ಏನು ಮುಚ್ಚಿಟ್ಟರು ಎಂಬುದರ ಮೇಲೆ ನಿಮ್ಮ ಕೇಸು ನಿಲ್ಲುತ್ತದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ, ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟ ವಸ್ತುವಿನಲ್ಲಿ ಇಲ್ಲದಿದ್ದರೆ ಅದೂ ದೋಷವೇ. ಹಾಗಾಗಿ ಜಾಹೀರಾತಿನ ಒಂದು ಸಾಲು, ವಾಟ್ಸ್‌ಆ್ಯಪ್‌ನ ಒಂದು ಮೆಸೇಜು ಎಂಜಿನ್ ರಿಪೋರ್ಟಿನಷ್ಟೇ ಬೆಲೆಬಾಳುತ್ತದೆ.

1. ರಿಪೇರಿಗೆ ಅವಸರ ಬೇಡ

ಹೆಚ್ಚಿನವರು ಎಡವುವುದು ಇಲ್ಲೇ. ಸಿಟ್ಟಿನಲ್ಲಿ ಎಂಜಿನ್ ಬಿಚ್ಚಿಸಿ, ಹೊಸ ಬಿಡಿಭಾಗ ಹಾಕಿಸಿ, ಬಿಲ್ ಹಿಡಿದು ಡೀಲರ್ ಬಳಿ ಹೋಗುತ್ತಾರೆ. ಅಷ್ಟರಲ್ಲಿ ಸಾಕ್ಷಿಯೇ ಕಳಚಿಹೋಗಿರುತ್ತದೆ. ‘ಅವರೇ ಎಲ್ಲೋ ಕೆಡಿಸಿಕೊಂಡರು’ ಎಂದುಬಿಡುವುದು ಡೀಲರಿಗೆ ಬಲು ಸುಲಭ.

ಮೊದಲು ಫೋಟೊ, ವಿಡಿಯೊ ತೆಗೆಯಿರಿ. ಮೀಟರ್ ರೀಡಿಂಗ್, ಚಾಸಿ ನಂಬರ್ ಅದರಲ್ಲಿ ಕಾಣಲಿ. ಆಮೇಲೆ ಆ ಕಂಪನಿಯ ಅಧಿಕೃತ ಸರ್ವೀಸ್ ಸೆಂಟರಿನಲ್ಲಿ ತಪಾಸಣೆ ಮಾಡಿಸಿ, ದೋಷ ಏನು, ಎಷ್ಟು ಹಳೆಯದಿರಬಹುದು ಎಂದು ಲಿಖಿತವಾಗಿ ಪಡೆಯಿರಿ. ಹಿಂದಿನ ಸರ್ವೀಸ್ ವಿವರವನ್ನೂ ಅಲ್ಲೇ ಕೇಳಿ. ಎರಡು ವರ್ಷದ ಹಿಂದಿನ ಜಾಬ್ ಕಾರ್ಡಿನಲ್ಲಿ (ಸರ್ವೀಸಿಗೆ ಬಿಟ್ಟಾಗ ಬರೆದುಕೊಡುವ ಚೀಟಿ) 90 ಸಾವಿರ ಕಿ.ಮೀ. ಎಂದಿದ್ದು, ಈಗ ಮೀಟರ್ 42 ಸಾವಿರ ತೋರಿಸುತ್ತಿದ್ದರೆ, ಮೀಟರ್ ಹಿಂದಕ್ಕೆ ತಿರುಗಿಸಿದ್ದಕ್ಕೆ ಬೇರೆ ಸಾಕ್ಷಿ ಹುಡುಕಬೇಕಿಲ್ಲ.

ಜಾಹೀರಾತು ಇನ್ನೂ ಸಿಗುತ್ತಿದ್ದರೆ ಸ್ಕ್ರೀನ್‌ಶಾಟ್ ಈಗಲೇ ತೆಗೆದಿಡಿ, ಮಾರಾಟವಾದ ಮೇಲೆ ಅದು ಬೇಗ ಮಾಯವಾಗುತ್ತದೆ. ವಾಟ್ಸ್‌ಆ್ಯಪ್ ಮಾತುಕತೆ ಅಳಿಸಬೇಡಿ, ಆ ಫೋನನ್ನೂ ಮಾರಬೇಡಿ. ಇಂಥ ಡಿಜಿಟಲ್ ದಾಖಲೆಯ ಜೊತೆ, ಅದು ಯಾವ ಸಾಧನದಿಂದ ಬಂದದ್ದೆಂದು ತಿಳಿಸುವ ಪ್ರಮಾಣಪತ್ರವನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ಕೊಡಬೇಕಾಗುತ್ತದೆ. ಹಣ ನಗದಾಗಿ ಕೊಟ್ಟಿದ್ದರೆ ರಸೀದಿ ಹುಡುಕಿ. ಯುಪಿಐ, ಚೆಕ್ ಆದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕು.

2. ಮಾರಿದವರು ಯಾರು ಎಂಬುದನ್ನು ಗಟ್ಟಿಮಾಡಿಕೊಳ್ಳಿ

ದಾರಿ ಕವಲೊಡೆಯುವುದು ಇಲ್ಲಿ. ಕಾರು ಮಾರುವುದೇ ಕಸುಬಾಗಿರುವ ಡೀಲರ್ ಅಥವಾ ಆನ್‌ಲೈನ್ ಕಂಪನಿಯಿಂದ ಕೊಂಡಿದ್ದರೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ಪಕ್ಕದ ಬೀದಿಯ ಮೇಷ್ಟ್ರು ತಮ್ಮ ಸ್ವಂತ ಕಾರು ಮಾರಿದ್ದರೆ ಅವರು ವ್ಯಾಪಾರಿಯಲ್ಲ. ಆಗ ಸಿವಿಲ್ ನ್ಯಾಯಾಲಯವೇ ಗತಿ: 1872ರ ಕರಾರು ಕಾಯ್ದೆ, 1930ರ ಸರಕು ಮಾರಾಟ ಕಾಯ್ದೆ ಅಲ್ಲಿ ಅನ್ವಯಿಸುತ್ತವೆ. ಗೊತ್ತಿದ್ದ ಸಂಗತಿಯನ್ನು ಬೇಕೆಂದೇ ಮರೆಮಾಚುವುದು ಕರಾರು ಕಾಯ್ದೆಯ ಕಲಂ 17ರಂತೆ ವಂಚನೆ. ಬರೀ ಸುಮ್ಮನಿದ್ದದ್ದು ಸಾಮಾನ್ಯವಾಗಿ ವಂಚನೆಯಾಗುವುದಿಲ್ಲ. ಆದ್ದರಿಂದ ‘ಆಕ್ಸಿಡೆಂಟ್ ಆಗಿತ್ತಾ?’ ಎಂದು ನೀವು ಕೇಳಿ, ಅವರು ‘ಇಲ್ಲ’ ಎಂದಿರುವ ಒಂದು ಮೆಸೇಜ್ ಇದ್ದರೆ ಕೇಸಿನ ಬಲವೇ ಬೇರೆ.

‘ನಾವು ಬರೀ ಮಧ್ಯವರ್ತಿಗಳು, ಹಳೇ ಓನರನ್ನು ಕೇಳಿ’ ಎಂಬುದು ಡೀಲರುಗಳ ಮಾಮೂಲಿ ಉತ್ತರ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮೋಟಾರು ವಾಹನ ನಿಯಮಗಳಂತೆ ಸೆಕೆಂಡ್ ಹ್ಯಾಂಡ್ ವಾಹನದ ಡೀಲರ್ ಆರ್‌ಟಿಒದಿಂದ ಅಧಿಕಾರಪತ್ರ ಪಡೆದಿರಬೇಕು. ಹಳೇ ಮಾಲೀಕರು ಫಾರಂ 29ಸಿ ಮೂಲಕ ಗಾಡಿ ಒಪ್ಪಿಸಿದ ಮೇಲೆ ಆ ಡೀಲರೇ ಮಾಲೀಕನೆಂದು ಪರಿಗಣಿತ. ನೋಟಿಸಿನಲ್ಲಿ ಈ ಅಧಿಕಾರಪತ್ರದ ನಂಬರ್ ಕೇಳಿ ನೋಡಿ, ಮಾತಿನ ಧಾಟಿ ಬದಲಾದರೂ ಆಗಬಹುದು.

ಟ್ಯಾಕ್ಸಿಗೆಂದು ಕೊಂಡವರಿಗೂ ಒಂದು ಮಾತು. ಸ್ವಂತ ದುಡಿಮೆಯ ಹೊಟ್ಟೆಪಾಡಿಗಾಗಿ ಒಂದು ಗಾಡಿ ಕೊಂಡವರು ಗ್ರಾಹಕರೇ, ದೂರಿನಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಿರಿ.

3. ನೋಟಿಸ್ ಕೊಡಿ

ಆಯೋಗಕ್ಕೆ ಹೋಗುವ ಮುನ್ನ ನೋಟಿಸ್ ಕಡ್ಡಾಯವಲ್ಲ, ಆದರೂ ಕೊಡುವುದು ಲೇಸು. ಕೊಂಡ ದಿನ, ಕೊಟ್ಟ ಹಣ, ಅವರು ಹೇಳಿದ ಮಾತು, ಈಗ ಕಂಡಿರುವ ದೋಷ, ನಿಮಗೆ ಬೇಕಾದ ಪರಿಹಾರ ಇವಿಷ್ಟು ಬರೆದು ಹದಿನೈದು ದಿನ ಗಡುವು ಕೊಡಿ. ತಲುಪಿದ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಬೈಗುಳ ಬೇಡ. ನಾಳೆ ಆ ಕಾಗದ ಆಯೋಗದ ಮುಂದೆ ಹೋಗುತ್ತದೆ.

ಇದರ ಜೊತೆಗೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರಿಡಬಹುದು. ದೊಡ್ಡ ಕಂಪನಿಗಳು ಇಲ್ಲೇ ರಾಜಿಗೆ ಬರುವುದುಂಟು.

4. ಆಯೋಗದಲ್ಲಿ ದೂರು

ಕಾರು ಬೆಂಗಳೂರಿನಲ್ಲಿ ಕೊಂಡಿದ್ದರೂ ಕೇಸಿಗಾಗಿ ಅಲ್ಲಿಗೆ ಅಲೆಯಬೇಕಿಲ್ಲ. 2019ರ ಕಾಯ್ದೆಯಂತೆ ದೂರುದಾರರು ವಾಸವಿರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು. ಶಿರಾದವರಾಗಲಿ ಕುಣಿಗಲ್ಲಿನವರಾಗಲಿ, ತುಮಕೂರಿನ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ ಸಾಕು. ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ಸಲ್ಲಿಸುವ ದಾರಿಯೂ ಇದೆ.

ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. 5 ಲಕ್ಷದವರೆಗೆ ಶುಲ್ಕವಿಲ್ಲ. 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400 ರೂಪಾಯಿ. ವಕೀಲರು ಕಡ್ಡಾಯವಲ್ಲ. ಆದರೆ ತಜ್ಞರ ವರದಿಯ ಮೇಲೆ ವಾದ ನಡೆಯುವ ಕೇಸಿನಲ್ಲಿ ವಕೀಲರಿದ್ದರೆ ಒಳ್ಳೆಯದೆಂದೇ ನನ್ನ ಅನಿಸಿಕೆ. ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಅದರ ಸಹಾಯವಾಣಿ 15100.

ದೂರು ಹಾಕಲು ಗಡುವು ಎರಡು ವರ್ಷ. ‘ಮಾಡಿಕೊಡ್ತೀವಿ ಬಿಡಿ’ ಎಂಬ ಡೀಲರಿನ ಮಾತು ಕೇಳುತ್ತಾ ಕೂತರೆ ಅದು ಕರಗುತ್ತಲೇ ಇರುತ್ತದೆ.

ಏನು ಕೇಳಬೇಕು? ಕಾರು ವಾಪಸ್ ಪಡೆದು ಹಣ ಕೊಡಲಿ, ಇಲ್ಲವೇ ರಿಪೇರಿ ಖರ್ಚು ಭರಿಸಲಿ. ಜೊತೆಗೆ ಬಡ್ಡಿ, ಪರಿಹಾರ, ಕೇಸಿನ ಖರ್ಚು. ದೋಷ ಬರಿಗಣ್ಣಿಗೆ ಕಾಣದಂಥದ್ದಾದರೆ ತಜ್ಞರಿಂದ ಪರೀಕ್ಷೆ ಮಾಡಿಸಬೇಕೆಂದು ನೀವೇ ಅರ್ಜಿ ಹಾಕಿ. ಎದುರುದಾರರು ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನು 15 ದಿನ. 45 ದಿನ ಮೀರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಪರೀಕ್ಷೆ ಬೇಕಾದ ಪ್ರಕರಣ ಐದು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳುತ್ತದಾದರೂ ಅಷ್ಟು ಬೇಗ ಮುಗಿದೀತೆಂದು ಲೆಕ್ಕ ಹಾಕಬೇಡಿ.

5. ಪೊಲೀಸ್ ಠಾಣೆಗೆ ಯಾವಾಗ?

ಕದ್ದ ಗಾಡಿ, ತಿದ್ದಿದ ಚಾಸಿ ನಂಬರ್, ನಕಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಬೇಕೆಂದೇ ತಿರುಗಿಸಿದ ಮೀಟರ್ ಇದ್ದರೆ ಹೋಗಿ. ಭಾರತೀಯ ನ್ಯಾಯ ಸಂಹಿತೆಯ ಕಲಂ 318ರಡಿ ವಂಚನೆಯ ದೂರು ಕೊಡಬಹುದು. ಬರೀ ಎಂಜಿನ್ ಕೈಕೊಟ್ಟಿದ್ದಕ್ಕೆ ಹೋದರೆ ‘ಇದು ಸಿವಿಲ್ ಮ್ಯಾಟರ್’ ಎಂದು ವಾಪಸ್ ಕಳಿಸುತ್ತಾರೆ. ಆ ಮಾತು ಬಹುಪಾಲು ಸರಿಯೂ ಹೌದು.

6. ಆದೇಶ ಬಂದ ಮೇಲೆ

ಸೋತವರು 45 ದಿನದೊಳಗೆ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಬಹುದು. ಹಣ ಕೊಡಬೇಕಾದವರು ಅದರ ಅರ್ಧ ಮೊತ್ತ ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದಾದರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 25 ಸಾವಿರದಿಂದ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ವಿಧಿಸಲು ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 72ರಲ್ಲಿ ಅವಕಾಶವಿದೆ. ಅಲ್ಲಿಯವರೆಗೆ ಕಾರನ್ನು ಮಾರಬೇಡಿ. ಆರ್‌ಸಿ ನಿಮ್ಮ ಹೆಸರಿಗೆ ಆಗಿರದಿದ್ದರೆ, ವಿಮೆ ವರ್ಗಾವಣೆಯಾಗಿರದಿದ್ದರೆ ಕೇಸಿನ ನೆಪದಲ್ಲಿ ಅದನ್ನು ಮುಂದೂಡಲೂ ಬೇಡಿ.