ಮೊದಲ ಮೆಸೇಜಿಗೆ ಉತ್ತರ ಸಿಗಬೇಕು

ಹಾಲೋ ನೈಟ್ ಅನ್ನುವ ವಿಡಿಯೋ ಗೇಮಿನ ಅಭಿಮಾನಿಗಳ ಒಂದು ಡಿಸ್ಕಾರ್ಡ್ ಸರ್ವರನ್ನು, ಅಂದರೆ ಡಿಸ್ಕಾರ್ಡ್ ಆ್ಯಪಿನಲ್ಲಿರುವ ಮಾತುಕತೆಯ ಗುಂಪನ್ನು, ಆರು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ದೊಡ್ಡ ಗುಂಪೇನಲ್ಲ. ಹೆಸರಿಗೆ 600 ಜನ, ದಿನಾ ಮಾತಾಡುವವರು 30-40 ಜನ. ಈ ಆರು ವರ್ಷದಲ್ಲಿ ಗುಂಪು ಎರಡು ಸಲ ಮುಚ್ಚುವ ಹಂತಕ್ಕೆ ಬಂದಿತ್ತು. ಒಂದು ಸಲ ಮಾತೇ ಇಲ್ಲದೆ, ಇನ್ನೊಂದು ಸಲ ಮಾತು ಜಾಸ್ತಿಯಾಗಿ. ಇಂಥದ್ದೊಂದು ಗುಂಪು ನೀವೂ ನಡೆಸುತ್ತಿದ್ದರೆ ನಾನು ಕಲಿತದ್ದು ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಹೊಸಬರು ಬರೆಯುವ ಮೊದಲ ಮೆಸೇಜಿಗೆ ಒಬ್ಬ ಮನುಷ್ಯನಿಂದ ಉತ್ತರ ಸಿಗಬೇಕು.

ಇದು ನನಗೆ ತಿಳಿದದ್ದು ತಡವಾಗಿ. ಒಬ್ಬರು ಬಂದು, "ಆಟ ಈಗಷ್ಟೇ ಶುರು ಮಾಡಿದೆ. ಗ್ರೀನ್‌ಪಾತ್‌ನಲ್ಲಿ ಹಾರ್ನೆಟ್ ಹತ್ತಿರ ಸಾಯ್ತಾನೇ ಇದ್ದೀನಿ. ಏನಾದ್ರೂ ಟಿಪ್ಸ್ ಇದ್ಯಾ?" ಅಂತ ಕೇಳಿದ್ದರು. ಗ್ರೀನ್‌ಪಾತ್ ಆಟದ ಒಂದು ಜಾಗ, ಹಾರ್ನೆಟ್ ಅಲ್ಲಿ ಎದುರಾಗುವ ಬಾಸ್, ಅಂದರೆ ಗೆಲ್ಲಲು ಕಷ್ಟವಾದ ದೊಡ್ಡ ಎದುರಾಳಿ. ಅದೇ ಹೊತ್ತಿಗೆ ಹಳೆಯ ನಾಲ್ಕೈದು ಜನ ಆಟದ ಕಥೆಯ ಬಗ್ಗೆ ಜೋರಾಗಿ ಚರ್ಚೆ ಮಾಡುತ್ತಿದ್ದರು. ಅವರ ಮಾತಿನ ನಡುವೆ ಆ ಪ್ರಶ್ನೆ ಮುಳುಗಿಹೋಯಿತು. ಎರಡು ದಿನ ಬಿಟ್ಟು ಅವರೇ "ಪರವಾಗಿಲ್ಲ, ಗೆದ್ದೆ" ಅಂತ ಬರೆದು ಸರ್ವರ್ ಬಿಟ್ಟು ಹೋದರು. ನಾನು ಅದನ್ನು ನೋಡಿದ್ದು ವಾರದ ನಂತರ. ಮೊದಲ ಸಲ ಹಾರ್ನೆಟ್‌ನ ಗೆದ್ದ ಖುಷಿಯನ್ನು ಹಂಚಿಕೊಳ್ಳಲು ಅವರಿಗೆ ನಮ್ಮಲ್ಲಿ ಒಬ್ಬರೂ ಸಿಗಲಿಲ್ಲ. ಈಗಲೂ ನೆನೆದರೆ ಬೇಜಾರಾಗುತ್ತದೆ.

ಅವತ್ತು ಕೂತು ಹಿಂದಿನ ಕೆಲವು ತಿಂಗಳ ಮೆಸೇಜುಗಳನ್ನೆಲ್ಲ ಓದಿದೆ. ಉತ್ತರ ಸಿಗದವರಲ್ಲಿ ಹೆಚ್ಚಿನವರು ಎರಡನೇ ಸಲ ಬರೆದೇ ಇರಲಿಲ್ಲ. ಬಾಟ್ (ತಾನಾಗಿಯೇ ಮೆಸೇಜ್ ಕಳಿಸುವ ಪ್ರೋಗ್ರಾಮ್) ಮಾತ್ರ ಎಲ್ಲರಿಗೂ ತಪ್ಪದೆ "ಸುಸ್ವಾಗತ" ಅಂದಿತ್ತು. ಬಾಟ್ ಹೇಳುವ ಸ್ವಾಗತವನ್ನು ಯಾರೂ ಸ್ವಾಗತ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಆಮೇಲೆ ನಾವು ಮೂರು ಜನ ದಿನದ ಹೊತ್ತನ್ನು ಹಂಚಿಕೊಂಡೆವು. ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು, ರಾತ್ರಿ ಒಬ್ಬರು. ಕೆಲಸ ಇಷ್ಟೇ: ಹೊಸಬರು ಬರೆದದ್ದಕ್ಕೆ ಆದಷ್ಟು ಒಂದು ಗಂಟೆಯೊಳಗೆ ಉತ್ತರ ಕೊಡುವುದು. ಉತ್ತರದಲ್ಲೂ ಒಂದು ರೀತಿ ಇದೆ. "ವೆಲ್‌ಕಮ್!" ಅಂದರೆ ಮಾತು ಅಲ್ಲಿಗೇ ಮುಗಿಯಿತು. "ಯಾವ ಚಾರ್ಮ್ ಹಾಕ್ಕೊಂಡು ಆಡ್ತಿದ್ದೀರಿ?" (ಚಾರ್ಮ್ ಅಂದರೆ ಆಟದಲ್ಲಿ ಶಕ್ತಿ ಕೊಡುವ ತಾಯತದಂಥ ವಸ್ತು) ಅಂತ ಕೇಳಿದರೆ ಅವರು ಇನ್ನೊಂದು ಮೆಸೇಜ್ ಬರೆಯಲೇಬೇಕು, ಅಲ್ವಾ? ಆ ಎರಡನೇ ಮೆಸೇಜ್ ಬಂತು ಅಂದರೆ ಅರ್ಧ ಕೆಲಸ ಆದಂತೆ.

ಇನ್ನರ್ಧ, ಅವರನ್ನು ಇನ್ನೊಬ್ಬರ ಜೊತೆ ಸೇರಿಸುವುದು. ಅದೇ ಬಾಸನ್ನು ಕಳೆದ ವಾರ ಗೆದ್ದವರು ಯಾರು ಅಂತ ನೆನಪಿಟ್ಟುಕೊಂಡು ಅವರನ್ನು ಟ್ಯಾಗ್ ಮಾಡುತ್ತೇನೆ. ಹಾಲೋ ನೈಟ್ 100 ಪರ್ಸೆಂಟಿಗೆ ಮುಗಿಯುವುದಿಲ್ಲ, 112 ಪರ್ಸೆಂಟಿನವರೆಗೆ ಹೋಗುತ್ತದೆ. ಅಲ್ಲಿಗೆ ಮುಟ್ಟಿದವರಿಗಿಂತ ಹೋದ ವಾರ ಒದ್ದಾಡಿ ಗೆದ್ದವರೇ ಒಳ್ಳೆಯ ಗುರುಗಳು. ಎಲ್ಲಿ ಕಷ್ಟವಾಯಿತು ಅನ್ನುವುದು ಅವರಿಗೆ ಇನ್ನೂ ನೆನಪಿರುತ್ತದೆ. ಹಳಬರು "ಸುಮ್ನೆ ಡಾಡ್ಜ್ ಮಾಡಿ" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಜೊತೆಗೆ, ನಿನ್ನೆ ಮೊನ್ನೆ ಕಲಿತವರಿಗೆ "ನನ್ನನ್ನೂ ಕೇಳ್ತಾರೆ" ಅನ್ನುವ ಹೆಮ್ಮೆ ಬರುತ್ತದೆ. ಅವರು ಆಮೇಲೆ ಗುಂಪು ಬಿಟ್ಟು ಹೋಗುವುದಿಲ್ಲ.

ಸಹಾಯ ಮಾಡುವುದರಲ್ಲೂ ಒಂದು ಎಚ್ಚರ ಬೇಕು. ಈ ಆಟ ಇನ್ನೂ ಆಡುತ್ತಿರುವವರು ಮುಂದಿನ ಒಂದು ಪ್ಯಾರಾ ಬಿಟ್ಟು ಓದಿ.

ವಾಚರ್ ನೈಟ್ಸ್ ಬಾಸ್ ಹತ್ತಿರ ಸಿಕ್ಕಿಹಾಕಿಕೊಂಡವರಿಗೆ ಹಳಬರು ಹೇಳಿಬಿಡುವುದು ಏನು? "ಮೇಲೆ ಹೋಗಿ ದೀಪದ ಗೊಂಚಲನ್ನು ಕಡಿದು ಬೀಳಿಸಿ, ಆರರಲ್ಲಿ ಒಬ್ಬ ಮೊದಲೇ ಸಾಯ್ತಾನೆ." ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಆ ದಾರಿಯನ್ನು ತಾನೇ ಹುಡುಕುವ ಖುಷಿಯನ್ನು ಕೇಳಿದವರಿಂದ ಕಿತ್ತುಕೊಂಡಂತೆ. ಅದಕ್ಕೆ ನಮ್ಮಲ್ಲಿ ಮೊದಲು ಕೇಳುತ್ತೇವೆ: "ಸುಳಿವು ಬೇಕಾ, ದಾರಿ ಬೇಕಾ, ಉತ್ತರಾನೇ ಬೇಕಾ?" ಸುಳಿವು ಅಂದರೆ, "ಒಳಗೆ ಹೋಗೋ ಮುಂಚೆ ಸುತ್ತಮುತ್ತ ಪೂರ್ತಿ ನೋಡಿದ್ರಾ?" ದಾರಿ ಅಂದರೆ, "ಆ ಕೋಣೆಯ ಮೇಲ್ಗಡೆಗೆ ಹೋಗೋಕೆ ಒಂದು ಜಾಗ ಇದೆ." ಉತ್ತರ ಬೇಕು ಅಂದವರಿಗೆ ಮಾತ್ರ ಗೊಂಚಲಿನ ವಿಷಯ. ಹೆಚ್ಚಿನವರು ಸುಳಿವು ಸಾಕು ಅನ್ನುತ್ತಾರೆ. ಅರ್ಧ ಗಂಟೆ ಬಿಟ್ಟು "ಸಿಕ್ತು!" ಅಂತ ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ. ಆ ಮೆಸೇಜಿಗೆ ಹತ್ತಾರು ಜನ ಎಮೋಜಿ ಹಾಕುತ್ತಾರೆ. ನಮ್ಮ ಗುಂಪಿನಲ್ಲಿ ನನಗೆ ತುಂಬಾ ಇಷ್ಟವಾದ ಹೊತ್ತು ಅದು.

ಸ್ಪಾಯ್ಲರ್, ಅಂದರೆ ಆಟದ ಗುಟ್ಟನ್ನು ಮೊದಲೇ ಬಿಟ್ಟುಕೊಡುವ ವಿಷಯದಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದ್ದೇನೆ. ಹಾಲೋ ನೈಟ್‌ನ ಮುಂದಿನ ಆಟ ಸಿಲ್ಕ್‌ಸಾಂಗ್ 2025ರ ಸೆಪ್ಟೆಂಬರ್ 4ಕ್ಕೆ ಬಂತು. ಕಥೆಯ ಹಂತಕ್ಕೆ ತಕ್ಕ ಹಾಗೆ ಬೇರೆ ಬೇರೆ ಚಾನೆಲ್ (ಸರ್ವರಿನೊಳಗಿನ ಮಾತಿನ ಕೋಣೆ) ಮಾಡಿ, ಹಂತದ ನಂಬರನ್ನೇ ಹೆಸರಾಗಿ ಇಟ್ಟೆ. ಆದರೆ ಕೊನೆಯ ಹಂತ ಒಂದಿದೆ ಅನ್ನುವುದೇ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಚಾನೆಲಿನ ಹೆಸರೇ ಗುಟ್ಟನ್ನು ಬಿಟ್ಟುಕೊಟ್ಟಿತು. ಒಬ್ಬರು ತುಂಬಾ ನೊಂದುಕೊಂಡು ಬರೆದರು. ಕ್ಷಮೆ ಕೇಳಿದೆ. ಅವತ್ತಿನಿಂದ ಕೊನೆಯ ಭಾಗದ ಚಾನೆಲ್‌ಗಳು ಎಲ್ಲರಿಗೂ ಕಾಣುವುದಿಲ್ಲ. ಅಲ್ಲಿಗೆ ಮುಟ್ಟಿದವರು ಮಾಡರೇಟರಿಗೆ (ಗುಂಪು ನೋಡಿಕೊಳ್ಳುವವರಿಗೆ) ಹೇಳಿದರೆ ಒಂದು ರೋಲ್, ಅಂದರೆ ಆ ಚಾನೆಲ್ ನೋಡುವ ಅನುಮತಿ, ಕೊಡುತ್ತೇವೆ, ಆಗ ಬಾಗಿಲು ತೆರೆಯುತ್ತದೆ. ಬೇರೆ ಕಡೆ ಬರೆಯುವಾಗ ಮಾತಿನ ಹಿಂದೆ ಮುಂದೆ ಎರಡೆರಡು ನೇರ ಗೆರೆ ಹಾಕಿದರೆ ಡಿಸ್ಕಾರ್ಡ್ ಅದನ್ನು ಮುಚ್ಚಿಡುತ್ತದೆ, ಒತ್ತಿದರೆ ಮಾತ್ರ ಕಾಣುತ್ತದೆ. ಆದರೆ ಬರೀ ಮುಚ್ಚಿದರೆ ಸಾಲದು. ಯಾವ ಜಾಗದ ಬಗ್ಗೆ ಅಂತ ಮೊದಲು ಒಂದು ಪದ ಹೊರಗೆ ಬರೆಯಬೇಕು. ಇಲ್ಲದಿದ್ದರೆ ಅದನ್ನು ಒತ್ತಬೇಕಾ ಬೇಡವಾ ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು? ಹೊಸ ಬಾಸಿನ ಚಿತ್ರವನ್ನು ಪ್ರೊಫೈಲಿಗೆ ಹಾಕಿಕೊಳ್ಳುವುದೂ ಸ್ಪಾಯ್ಲರೇ. ಆಟ ಬಂದ ಮೊದಲ ಎರಡು ತಿಂಗಳು ಬೇಡ ಅಂತ ಕೇಳಿಕೊಂಡೆವು, ಎಲ್ಲರೂ ಒಪ್ಪಿದರು.

ಈಗ ಮಾತೇ ಇಲ್ಲದ ಕಾಲದ ಬಗ್ಗೆ. ಸಿಲ್ಕ್‌ಸಾಂಗ್ ಬರುತ್ತದೆ ಅಂತ ಹೇಳಿದ್ದು 2019ರ ಫೆಬ್ರವರಿಯಲ್ಲಿ. ಬಂದದ್ದು ಆರೂವರೆ ವರ್ಷದ ನಂತರ. ನಡುವೆ ತಿಂಗಳುಗಟ್ಟಲೆ ಒಂದು ಸುದ್ದಿಯೂ ಇರುತ್ತಿರಲಿಲ್ಲ. ಹೊಸದೇನೂ ಇಲ್ಲದ ಆಟದ ಬಗ್ಗೆ ಜನ ಎಷ್ಟು ದಿನ ಮಾತಾಡುತ್ತಾರೆ? ನಾನು ಗಾಬರಿಯಿಂದ ದೊಡ್ಡದೊಂದು ಟೂರ್ನಮೆಂಟ್ ಇಟ್ಟೆ. ಒಂದು ತಿಂಗಳ ತಯಾರಿ. ಗೆದ್ದವರು ಯಾವಾಗಲೂ ಗೆಲ್ಲುವ ಮೂವರೇ. ಉಳಿದವರು ಎರಡನೇ ಸುತ್ತಿನ ಹೊತ್ತಿಗೆ ಬರುವುದನ್ನೇ ಬಿಟ್ಟರು. ಮುಗಿದ ಮಾರನೆಯ ದಿನ ಸರ್ವರ್ ಮೊದಲಿಗಿಂತ ಖಾಲಿಯಾಗಿತ್ತು.

ಕೈ ಹಿಡಿದದ್ದು ಸಣ್ಣ ಕೆಲಸ. ಶನಿವಾರ ರಾತ್ರಿ ಒಂದು ಗಂಟೆ. ಯಾರಾದರೂ ಒಬ್ಬರು ವಾಯ್ಸ್ ಚಾನೆಲಿಗೆ ಬಂದು ಸ್ಕ್ರೀನ್ ಶೇರ್ ಮಾಡಿ ಆಡುತ್ತಾರೆ, ಉಳಿದವರು ನೋಡುತ್ತಾ ಹರಟುತ್ತಾರೆ. ಬಹುಮಾನ ಇಲ್ಲ, ಹೆಸರು ಬರೆಸುವುದಿಲ್ಲ. ಸಲಹೆ ಬೇಕೋ ಬೇಡವೋ ಅಂತ ಆಡುವವರು ಮೊದಲೇ ಹೇಳಬೇಕು. ಬೇಡ ಅಂದರೆ ಎಲ್ಲರೂ ಬಾಯಿ ಮುಚ್ಚಿಕೊಂಡಿರಬೇಕು. ಮೊದಲ ವಾರ ನಾಲ್ಕೇ ಜನ. ನಾಲ್ಕು ಜನ ಬಂದರೂ ನಡೆಸಿ, ಇಬ್ಬರೇ ಬಂದರೂ ನಡೆಸಿ. ವಾರ ತಪ್ಪಿಸಬೇಡಿ, ಹೊತ್ತು ಬದಲಾಯಿಸಬೇಡಿ. ಬಾರದವರಿಗೂ ಅದು ನಡೆಯುತ್ತಿದೆ ಅಂತ ಗೊತ್ತಿರಬೇಕು. ಆಗ ಮೂರು ತಿಂಗಳು ಬಿಟ್ಟಾದರೂ ಬರುತ್ತಾರೆ. ಆಟವನ್ನು ಇದೇ ಮೊದಲ ಸಲ ಆಡುತ್ತಿರುವವರು ಶೇರ್ ಮಾಡಿದ ದಿನ ಜನ ಜಾಸ್ತಿ. ಹತ್ತು ಸಲ ಮುಗಿಸಿದವರಿಗೂ ಬೇರೆಯವರ ಮೊದಲ ಸಲವನ್ನು ನೋಡುವ ಆಸೆ ಇರುತ್ತದೆ.

ಸುದ್ದಿ ಇಲ್ಲದ ಕಾಲದಲ್ಲಿ ಬೇರೆ ಮಾತಿಗೂ ಜಾಗ ಕೊಡಿ. ಆಟದಲ್ಲಿ ದಣಿದವರು ಕೂತು ಸುಧಾರಿಸಿಕೊಳ್ಳಲು ಬೆಂಚುಗಳಿವೆ. ನಮ್ಮ ಹರಟೆಯ ಚಾನೆಲಿಗೂ "ಬೆಂಚ್" ಅಂತಲೇ ಹೆಸರು. ಪರೀಕ್ಷೆ, ಕೆಲಸ, ಬೆಕ್ಕು, ಬೇರೆ ಆಟಗಳು, ಎಲ್ಲವೂ ಅಲ್ಲಿ ನಡೆಯುತ್ತವೆ. ಆ ಕಾಯುವ ವರ್ಷಗಳಲ್ಲಿ ಜನರನ್ನು ಹಿಡಿದಿಟ್ಟದ್ದು ಹೆಚ್ಚಾಗಿ ಆ ಚಾನೆಲ್.

ಚಾನೆಲ್‌ಗಳನ್ನು ಕಡಿಮೆ ಇಡಿ. ನಾನು 23 ಮಾಡಿದ್ದೆ, ಈಗ ಏಳು. ಖಾಲಿ ಕೋಣೆಗಳನ್ನು ನೋಡಿದರೆ ಹೊಸಬರಿಗೆ ಪಾಳುಮನೆಗೆ ಬಂದಂತೆ ಅನ್ನಿಸುತ್ತದೆ. ಒಂದು ಮಾತು ಒಂದೇ ಕಡೆ ಹಿಡಿಸದಷ್ಟು ಬೆಳೆದಾಗ ಹೊಸ ಚಾನೆಲ್ ಮಾಡಿದರಾಯಿತು.

ಸುಮ್ಮನಿರುವವರನ್ನು ತೆಗೆಯಬೇಡಿ. ಜನ ವೆಬ್‌ಸೈಟ್ ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡಿದ ಜೇಕಬ್ ನೀಲ್ಸನ್ 2006ರಲ್ಲೇ ಬರೆದಿದ್ದರು: ಆನ್‌ಲೈನ್ ಗುಂಪುಗಳಲ್ಲಿ ಸುಮಾರು 90 ಪರ್ಸೆಂಟ್ ಜನ ಬರೀ ಓದುತ್ತಾರೆ, 9 ಪರ್ಸೆಂಟ್ ಆಗಾಗ ಬರೆಯುತ್ತಾರೆ, 1 ಪರ್ಸೆಂಟ್ ಮಾತ್ರ ಹೆಚ್ಚು ಬರೆಯುತ್ತಾರೆ. ನಮ್ಮಲ್ಲಿ ಒಬ್ಬರು ಎರಡು ವರ್ಷ ಎಮೋಜಿ ಬಿಟ್ಟು ಬೇರೇನೂ ಹಾಕಿರಲಿಲ್ಲ. ಒಂದು ದಿನ ತಾವೇ ಬಣ್ಣದಲ್ಲಿ ಬರೆದ ಹಾರ್ನೆಟ್ ಚಿತ್ರ ಕಳಿಸಿದರು. ಅಷ್ಟು ದಿನವೂ ಅವರು ಇಲ್ಲೇ ಇದ್ದರು, ಎಲ್ಲವನ್ನೂ ಓದುತ್ತಿದ್ದರು.

ಇನ್ನು ಮಾತು ಜಾಸ್ತಿಯಾದ ಕಾಲ. ಸಿಲ್ಕ್‌ಸಾಂಗ್ ಕಷ್ಟದ ಆಟ. ಶುರುವಿನಲ್ಲಿ ನಮಗಿರುವುದು ಐದು ಮಾಸ್ಕ್ ಜೀವ. ಎಷ್ಟೋ ಏಟು ಒಂದೇ ಸಲಕ್ಕೆ ಎರಡು ಮಾಸ್ಕ್ ಕಿತ್ತುಕೊಳ್ಳುತ್ತವೆ. ಮೂರು ಏಟಿಗೆ ಕಥೆ ಮುಗಿಯಿತು. ಆಟ ಮಾಡಿದವರು ಮೊದಲ ಪ್ಯಾಚಿನಲ್ಲಿ (ತಿದ್ದುಪಡಿಯಲ್ಲಿ) ಶುರುವಿನ ಎರಡು ಬಾಸ್‌ಗಳನ್ನು ಸ್ವಲ್ಪ ಸುಲಭ ಮಾಡಿದಾಗ ನಮ್ಮ ಗುಂಪು ಎರಡಾಯಿತು. "ಸದ್ಯ, ಬದುಕಿದೆ" ಅನ್ನುವವರು ಒಂದು ಕಡೆ, "ನಾವು ಕಷ್ಟಪಟ್ಟು ಗೆದ್ದಿದ್ದಕ್ಕೆ ಬೆಲೆ ಇಲ್ವಾ" ಅನ್ನುವವರು ಇನ್ನೊಂದು ಕಡೆ. ಏಟು ಕಡಿಮೆ ಬೀಳುವ ಹಾಗೆ ಮಾಡುವ ಮಾಡ್ (ಆಟಗಾರರೇ ಮಾಡಿದ ಬದಲಾವಣೆ) ಹಾಕಿಕೊಂಡು ಆಡಿದೆ ಅಂತ ಒಬ್ಬರು ಹೇಳಿದ್ದಕ್ಕೆ "ನೀವು ಆಟ ಆಡೇ ಇಲ್ಲ" ಅಂತ ಉತ್ತರ ಬಂತು. ಅವರ ಕೈಗೆ ನೋವಿತ್ತು, ಬೇಗ ಬೇಗ ಬಟನ್ ಒತ್ತಲು ಆಗುತ್ತಿರಲಿಲ್ಲ. ಅದನ್ನು ಅವರು ಎಲ್ಲರ ಮುಂದೆ ಹೇಳಬೇಕಾಗಿ ಬಂತು. ಹಾಗೆ ಆಗಲು ಬಿಡಬಾರದಿತ್ತು. ಯಾರು ಹೇಗೆ ಆಡಿದರೂ ಕಾರಣ ಕೊಡಬೇಕಾಗಿಲ್ಲ.

ಅವತ್ತು ನಿಯಮ ಬದಲಾಯಿಸಿದೆವು. ಆಟ ಕಷ್ಟವೋ ಸುಲಭವೋ ಅಂತ ಎಷ್ಟು ಬೇಕಾದರೂ ಜಗಳವಾಡಿ. ಆಡುವವರ ಬಗ್ಗೆ ಒಂದು ಮಾತೂ ಬೇಡ. "ಗಿಟ್ ಗುಡ್" (ಮೊದಲು ಆಡೋದು ಕಲಿ) ಇಲ್ಲ, "ಇಷ್ಟೂ ಗೊತ್ತಿಲ್ವಾ" ಇಲ್ಲ. "ಎಲ್ಲರೂ ಒಳ್ಳೆಯವರಾಗಿರಿ" ಅಂತ ನಿಯಮ ಬರೆದರೆ ಪ್ರಯೋಜನವಿಲ್ಲ, ಯಾಕೆಂದರೆ ಎಲ್ಲರೂ ತಾವು ಒಳ್ಳೆಯವರೇ ಅಂದುಕೊಂಡಿರುತ್ತಾರೆ. ಯಾವ ಮಾತು ಬೇಡವೋ ಅದನ್ನೇ ಬರೆಯಿರಿ. ಕೈಚಳಕ, ವಯಸ್ಸು, ದನಿ, ಉಚ್ಚಾರ, ಗಂಡೋ ಹೆಣ್ಣೋ, ಇವುಗಳ ಬಗ್ಗೆ ಟೀಕೆ ಬೇಡ. ವಾಯ್ಸ್ ಚಾಟಿನಲ್ಲಿ ಹೆಣ್ಣುಮಗಳೊಬ್ಬಳ ದನಿ ಕೇಳಿದ ತಕ್ಷಣ ಯಾರಾದರೂ "ಓ, ಹುಡುಗಿ!" ಅಂದರೆ ಆ ಕ್ಷಣದಲ್ಲೇ ಮಾಡರೇಟರ್ ಬಾಯಿ ಬಿಡಬೇಕು. "ಅದು ಬೇಡ, ಆಟದ ವಿಷಯ ಮಾತಾಡಿ." ಅಷ್ಟು ಸಾಕು. ಆಕೆಯೇ ತನ್ನ ಪರವಾಗಿ ವಾದಿಸಬೇಕಾದ ಸ್ಥಿತಿ ಬಂದರೆ ಮುಂದಿನ ವಾರ ಆಕೆ ಬರುವುದಿಲ್ಲ.

ಜಗಳ ಏರುತ್ತಿದ್ದರೆ ನಾನು ಮೊದಲು ಮಾಡುವುದು ಸ್ಲೋ ಮೋಡ್ ಹಾಕುವುದು. ಒಬ್ಬರು ಒಂದು ಮೆಸೇಜ್ ಬರೆದ ಮೇಲೆ ಇಂತಿಷ್ಟು ಹೊತ್ತು ಕಾಯಬೇಕು. ಐದು ಸೆಕೆಂಡಿನಿಂದ ಆರು ಗಂಟೆಯವರೆಗೆ ಇಡಬಹುದು. ನಮಗೆ ಒಂದು ನಿಮಿಷ ಇಟ್ಟರೆ ಸಾಕಾಗುತ್ತದೆ. ಅದಕ್ಕೂ ಬಗ್ಗದವರಿಗೆ ಹತ್ತು ನಿಮಿಷದ ಟೈಮ್‌ಔಟ್ (ಬರೆಯದಂತೆ ತಡೆ), ಮತ್ತೆ ಮಾಡಿದರೆ ಒಂದು ದಿನ. ಎಲ್ಲರ ಮುಂದೆ ಒಂದೇ ವಾಕ್ಯ, ವಿವರವೆಲ್ಲ ಡಿಎಂನಲ್ಲಿ (ಖಾಸಗಿ ಮೆಸೇಜಿನಲ್ಲಿ). ಬ್ಯಾನ್ ಮಾಡಬೇಕಾದರೆ ಇಬ್ಬರು ಮಾಡರೇಟರ್‌ಗಳು ಒಪ್ಪಬೇಕು. ಕಾರಣವನ್ನು ನಾವು ಬೇರೆ ಕಡೆ ಬರೆದಿಡುತ್ತೇವೆ, ಯಾಕೆಂದರೆ ಡಿಸ್ಕಾರ್ಡಿನ ಆಡಿಟ್ ಲಾಗ್ (ಮಾಡರೇಟರ್‌ಗಳು ಏನೇನು ಮಾಡಿದರು ಅನ್ನುವ ದಾಖಲೆ) 45 ದಿನಕ್ಕೆ ಅಳಿಸಿಹೋಗುತ್ತದೆ. ಮಕ್ಕಳ ವಿಷಯದಲ್ಲಿ ಮಾತ್ರ ಮೆಟ್ಟಿಲು ಗಿಟ್ಟಿಲು ಏನೂ ಇಲ್ಲ. 13 ವರ್ಷ ತುಂಬಿದವರೂ ಡಿಸ್ಕಾರ್ಡಿಗೆ ಬರಬಹುದು. ದೊಡ್ಡವರು ಯಾರಾದರೂ ಅವರಿಗೆ ಡಿಎಂ ಮಾಡಿ ಫೋಟೋ, ವಿಳಾಸ ಕೇಳಿದರೆ ಅವತ್ತೇ ಬ್ಯಾನ್, ಅವತ್ತೇ ಡಿಸ್ಕಾರ್ಡಿಗೆ ರಿಪೋರ್ಟ್.

ಎಲ್ಲಕ್ಕಿಂತ ಕಷ್ಟವಾದದ್ದು ಒಬ್ಬ ಹಳೆಯ ಸದಸ್ಯರ ವಿಷಯ. ಗುಂಪಿನ ಅತ್ಯುತ್ತಮ ಆಟಗಾರ. ಎಂಥ ಪ್ರಶ್ನೆಗೂ ಸರಿಯಾದ ಉತ್ತರ ಗೊತ್ತು. ಆದರೆ ಪ್ರತಿ ಉತ್ತರದ ಬಾಲಕ್ಕೂ ಒಂದು ಚುಚ್ಚು ಮಾತು. ನೇರವಾಗಿ ನಿಯಮ ಮುರಿಯುತ್ತಿರಲಿಲ್ಲ. ಅವರು ಹೋದರೆ ಗುಂಪೇ ಬಡವಾಗುತ್ತದೆ ಅಂತ ನಾನು ಏಳು ತಿಂಗಳು ಸುಮ್ಮನಿದ್ದೆ. ಕೊನೆಗೆ ಅವರ ಹತ್ತು ಉತ್ತರಗಳನ್ನು ಒಟ್ಟಿಗೆ ಇಟ್ಟು, ಅವರಿಗೇ ತೋರಿಸಿ ಕೇಳಿದೆ: "ಈ ಹತ್ತು ಜನರಲ್ಲಿ ಎಷ್ಟು ಜನ ಮತ್ತೆ ಬರೆದಿದ್ದಾರೆ ನೋಡಿ." ಅವರಿಗೆ ಸಿಟ್ಟು ಬಂತು, ಬಿಟ್ಟು ಹೋದರು. ಎರಡು ವಾರದಲ್ಲಿ, ನಾನು ಹೆಸರೂ ಮರೆತಿದ್ದವರು ಒಬ್ಬೊಬ್ಬರಾಗಿ ಮಾತಾಡಲು ಶುರು ಮಾಡಿದರು. ಏಳು ತಿಂಗಳು ಕಾಯಬೇಡಿ. ಹಾಗೆ ಉತ್ತರಗಳನ್ನು ಒಟ್ಟಿಗೆ ಇಟ್ಟು ಮಾತಾಡುವುದನ್ನು ಮೊದಲ ತಿಂಗಳಲ್ಲೇ ಮಾಡಿದ್ದರೆ ಬಹುಶಃ ಅವರೂ ಉಳಿಯುತ್ತಿದ್ದರು.

ಮಾಡರೇಟರ್‌ಗಳಿಗೆ ರಜೆ ಕೊಡಿ. ಮೂರು ತಿಂಗಳು ಕೆಲಸ, ಒಂದು ತಿಂಗಳು ಬಿಡುವು ಅಂತ ನಾವು ಇಟ್ಟುಕೊಂಡಿದ್ದೇವೆ. ಆ ತಿಂಗಳು ಅವರು ಸುಮ್ನೆ ಬಂದು ಆಟದ ಮಾತಾಡಿಕೊಂಡು ಹೋಗಬಹುದು. ಈ ಆಟ ಇಷ್ಟವಾಗಿ ಬಂದವರು ತಾನೇ ಅವರೂ.

ಶುರು ಎಲ್ಲಿಂದ ಅಂತ ಕೇಳಿದರೆ, ಇವತ್ತು ರಾತ್ರಿ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಕಳೆದ ಎರಡು ತಿಂಗಳ ಮೆಸೇಜುಗಳನ್ನು ಹಿಂದಕ್ಕೆ ಓದಿ. ಉತ್ತರ ಸಿಗದೆ ಉಳಿದವು ಸಿಗುತ್ತವೆ. ಒಂದೊಂದಕ್ಕೂ ಬರೆಯಿರಿ: "ನಿಮ್ಮ ಪ್ರಶ್ನೆ ನಮ್ಮ ಕಣ್ಣಿಗೆ ಬೀಳಲಿಲ್ಲ, ಕ್ಷಮಿಸಿ. ಆಮೇಲೆ ಏನಾಯ್ತು?" ನಾನು ಹಾಗೆ ಬರೆದಾಗ ಎಷ್ಟೋ ಜನರಿಂದ ಮರಳಿ ಏನೂ ಬರಲಿಲ್ಲ. ಒಬ್ಬರು ಮಾತ್ರ ಆರು ವಾರದ ಹಳೆಯ ಪ್ರಶ್ನೆಗೆ ಬಂದ ಉತ್ತರ ನೋಡಿ ಹತ್ತೇ ನಿಮಿಷದಲ್ಲಿ ಬರೆದರು. ಇನ್ನೂ ಅದೇ ಬಾಸ್ ಹತ್ತಿರ ಇದ್ದರು.