ಕಲಬುರಗಿ ಬೇಸಿಗೆಯಲ್ಲಿ ಕಂಪ್ಯೂಟರಿಗೆ ಫ್ಯಾನ್ ಜೋಡಿಸಿದ್ದು: ನನ್ನ ಅನುಭವ

ಕಲಬುರಗಿಯಲ್ಲಿ ಮದುವೆ ವಿಡಿಯೊ ಎಡಿಟಿಂಗ್ ನನ್ನ ಕೆಲಸ. ಮದುವೆಗಳು ಒತ್ತೊತ್ತಾಗಿ ಬರೋದು ಏಪ್ರಿಲ್, ಮೇ ತಿಂಗಳಲ್ಲಿ. ನಮ್ಮೂರಲ್ಲಿ ಬಿಸಿಲು 42 ಡಿಗ್ರಿ ದಾಟೋದೂ ಆಗಲೇ. ಕಂಪ್ಯೂಟರಿಗೆ ಹಗಲೂ ರಾತ್ರಿ ದುಡಿತ ಬೀಳುವ ಹೊತ್ತಿಗೆ ಸರಿಯಾಗಿ ರೂಮಿನ ಗಾಳಿಯೂ ಕಾದಿರುತ್ತದೆ. ರೂಮಿಗೆ ಎಸಿ ಇಲ್ಲ. ಕೂಲರ್ ಇದೆ, ಆದರೆ ಅದರ ತೇವದ ಗಾಳಿ ಮಷೀನಿಗೆ ಹೊಡೆಯದ ಹಾಗೆ ದೂರ ಇಟ್ಟಿದ್ದೇನೆ. ಮಧ್ಯಾಹ್ನ ರೂಮಿನೊಳಗೇ 37–38 ಡಿಗ್ರಿ ಇರುತ್ತದೆ.

ಮಷೀನು ಬಹಳ ದೊಡ್ಡದಲ್ಲ. ರೈಜನ್ 5 5600 ಪ್ರೊಸೆಸರ್, ವಿಡಿಯೊ ಕೆಲಸಕ್ಕೆ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್. ಪ್ರೊಸೆಸರ್ ಪೂರ್ತಿ ದುಡಿದರೆ 76 ವ್ಯಾಟ್ ತನಕ ಎಳೆಯುತ್ತದೆ, ಕಾರ್ಡ್ 170 ವ್ಯಾಟ್. ಎರಡೂ ಸೇರಿ ಸುಮಾರು 250 ಅಂತ ಇಟ್ಟುಕೊಳ್ಳಿ. ಇದಿಷ್ಟೂ ಕೊನೆಗೆ ಬಿಸಿಯಾಗಿ ಕ್ಯಾಬಿನೆಟ್ ಒಳಗೆ ಬೀಳುತ್ತದೆ. ಕಾರ್ಡ್ 83 ಡಿಗ್ರಿ ಆಸುಪಾಸಿಗೆ ಬಂದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ರೆಂಡರ್, ಅಂದರೆ ಎಡಿಟ್ ಮಾಡಿದ್ದನ್ನು ಕೊನೆಯ ವಿಡಿಯೊ ಫೈಲಾಗಿ ಮಾಡೋದು, ಮುಗಿಯೋಕೆ ತಡವಾಗುತ್ತದೆ, ಗಿರಾಕಿ ಫೋನ್ ಮೇಲೆ ಫೋನ್ ಮಾಡುತ್ತಾರೆ.

ಕ್ಯಾಬಿನೆಟ್ ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ. ಒಳಗಿನ ಬಿಸಿ ಗಾಳಿ ಹೊರಹಾಕಿ ಅಲ್ಲಿಗೆ ರೂಮಿನ ಗಾಳಿ ತುಂಬುತ್ತದೆ, ಅಷ್ಟೇ. ರೂಮು 38 ಇದ್ದರೆ ಎಷ್ಟೇ ಫ್ಯಾನ್ ಹಾಕಿದರೂ ಒಳಗೆ 38ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಅದಕ್ಕೇ ಕಾರ್ಡಿನ ಬಿಸಿ ಬರೆದುಕೊಳ್ಳುವಾಗ ಪಕ್ಕದಲ್ಲೇ ರೂಮಿನ ಬಿಸಿಯನ್ನೂ ಬರೆಯುತ್ತೇನೆ. ಜನವರಿಯಲ್ಲಿ ರೂಮು 26 ಇದ್ದಾಗ ಕಾರ್ಡ್ 68 ತೋರಿಸಿದರೆ, ಮೇನಲ್ಲಿ ರೂಮು 38 ಇದ್ದಾಗ 80 ತೋರಿಸಿದರೆ, ಕೆಟ್ಟಿದ್ದೇನೂ ಇಲ್ಲ. ಎರಡರಲ್ಲೂ ಅಂತರ 42 ಡಿಗ್ರಿಯೇ.

ಹಾಗಾದರೆ ಎಷ್ಟು ಫ್ಯಾನ್ ಬೇಕು? ನಾನು ಲೆಕ್ಕ ಹಾಕಿ ನೋಡಿದೆ. ಗಾಳಿ ಹೊತ್ತೊಯ್ಯುವ ಬಿಸಿಯ ಲೆಕ್ಕ ಹೈಸ್ಕೂಲಿನ ವಿಜ್ಞಾನವೇ. 250 ವ್ಯಾಟ್ ಬಿಸಿ ಇರುವ ಪೆಟ್ಟಿಗೆಯಲ್ಲಿ ನಿಮಿಷಕ್ಕೆ 50 ಘನ ಅಡಿ ಗಾಳಿ, ಅಂದರೆ 50 ಸಿಎಫ್‌ಎಂ, ನಿಜವಾಗಿ ಹಾಯ್ದುಹೋದರೆ ಹೊರಗೆ ಬರುವ ಗಾಳಿ ಒಳಬಂದದ್ದಕ್ಕಿಂತ ಸುಮಾರು 9 ಡಿಗ್ರಿ ಜಾಸ್ತಿ ಇರುತ್ತದೆ. 100 ಸಿಎಫ್‌ಎಂ ಆದರೆ ನಾಲ್ಕೂವರೆ. 150 ಆದರೆ ಮೂರು. ಮೊದಲ ಹೆಜ್ಜೆಯಲ್ಲಿ ನಾಲ್ಕೂವರೆ ಡಿಗ್ರಿ ಕಮ್ಮಿಯಾಯಿತು, ಎರಡನೆಯದರಲ್ಲಿ ಬರೀ ಒಂದೂವರೆ. ಆಮೇಲೆ ಹಾಕುವ ಫ್ಯಾನೆಲ್ಲ ಸದ್ದಿಗೆ ಮತ್ತು ಬೆಳಕಿನ ಅಲಂಕಾರಕ್ಕೆ. ಇದು ಗೊತ್ತಾದ ಮೇಲೆ ಏಳೆಂಟು ಫ್ಯಾನಿನ ಆಸೆ ಬಿಟ್ಟೆ. ನನ್ನ ಮಷೀನಿಗೆ ಮೂರು ಸಾಕು, ಆದರೆ ಗಾಳಿಗೆ ದಾರಿ ಸಲೀಸಾಗಿ ಇರಬೇಕು.

ದಾರಿ ಅಂದಾಗ ಮೊದಲು ನೋಡಬೇಕಾದ್ದು ಕ್ಯಾಬಿನೆಟ್ಟಿನ ಮುಖ. ನನ್ನ ಹಳೆಯ ಕ್ಯಾಬಿನೆಟ್ಟಿಗೆ ಮುಂದೆ ಗಾಜು, ಪಕ್ಕದಲ್ಲಿ ಒಂದು ಬೆರಳಗಲದ ಸೀಳು. ಅದರ ಹಿಂದೆ ಎಂಥ ಫ್ಯಾನ್ ಇದ್ದರೂ ಗಾಳಿ ಆ ಸೀಳಿನಿಂದಲೇ ನುಸುಳಬೇಕು. ಪರೀಕ್ಷೆ ಸುಲಭ. ಅರ್ಧ ಗಂಟೆ ರೆಂಡರ್ ಓಡಿಸಿ ಬಿಸಿ ಬರೆದುಕೊಳ್ಳಿ. ಮುಂದಿನ ಪ್ಯಾನಲ್ ಕಿತ್ತಿಟ್ಟು ಅದೇ ರೆಂಡರ್ ಮತ್ತೆ ಓಡಿಸಿ. ಒಂದೆರಡು ಡಿಗ್ರಿ ಇಳಿದರೆ ಪ್ಯಾನಲ್ ತೊಂದರೆ ಕೊಡುತ್ತಿಲ್ಲ. ನನ್ನದರಲ್ಲಿ ಕಾರ್ಡಿನ ಬಿಸಿ ಏಳು ಡಿಗ್ರಿ ಇಳಿಯಿತು. ಫ್ಯಾನಿಗೆ ಅಂತ ತೆಗೆದಿಟ್ಟ ದುಡ್ಡಿಗೆ ಇನ್ನಷ್ಟು ಸೇರಿಸಿ, ಮುಂದೆ ಪೂರ್ತಿ ಜಾಲರಿ ಇರುವ ಕ್ಯಾಬಿನೆಟ್ಟನ್ನೇ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದೆ.

ಫ್ಯಾನ್ ಆರಿಸುವಾಗ ನಾನು ನೋಡಿದ್ದು ಕೆಲವೇ ವಿಷಯ. ಅಳತೆ ಮೊದಲು. 120 ಮಿಲಿಮೀಟರ್ ಎಲ್ಲ ಕಡೆ ಕೂರುತ್ತದೆ. 140 ಕೂರುವ ಜಾಗ ಇದ್ದರೆ ಅದೇ ಒಳ್ಳೆಯದು, ಅಷ್ಟೇ ಗಾಳಿಯನ್ನು ನಿಧಾನವಾಗಿ ತಿರುಗುತ್ತಲೇ ಕೊಡುತ್ತದೆ. ಸದ್ದಿನ ವಿಷಯದಲ್ಲಿ ವೇಗವೇ ಎಲ್ಲ. ವೇಗ ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬಲ್ ಕಮ್ಮಿಯಾಗುತ್ತದೆ. ಅದೇ ವೇಗದ ಇನ್ನೊಂದು ಫ್ಯಾನ್ ಸೇರಿಸಿದರೆ ಹೆಚ್ಚೋದು 3 ಡೆಸಿಬಲ್ ಮಾತ್ರ.

ಡಬ್ಬಿ ಮೇಲೆ ಬರೆದ ಸಿಎಫ್‌ಎಂ ನೋಡಿ ಮರುಳಾಗಬೇಡಿ. ಅದು ಎದುರಿಗೆ ಏನೂ ಅಡ್ಡ ಇಲ್ಲದಾಗಿನ ಅಳತೆ. ಜಾಲರಿ, ಧೂಳಿನ ಫಿಲ್ಟರ್ ಮುಂದೆ ಕೂತಾಗ ಗಾಳಿ ಗಣನೀಯವಾಗಿ ಇಳಿಯುತ್ತದೆ. ಆಗ ಕೆಲಸಕ್ಕೆ ಬರೋದು ಒತ್ತುವ ಶಕ್ತಿ, ಅಂದರೆ ಸ್ಟ್ಯಾಟಿಕ್ ಪ್ರೆಶರ್. ಅದನ್ನು ಅಳೆಯೋದು ಮಿಲಿಮೀಟರ್ ನೀರು ಅನ್ನೋ ಒತ್ತಡದ ಅಳತೆಯಲ್ಲಿ. ಆರ್ಕ್ಟಿಕ್ ಪಿ12 ಅನ್ನೋ ಅಗ್ಗದ ಫ್ಯಾನಿಗೆ ಅದು 2.2, ನೊಕ್ಟುವಾ ಎನ್‌ಎಫ್-ಎ12ಎಕ್ಸ್25 ಅನ್ನೋ ದುಬಾರಿ ಫ್ಯಾನಿಗೆ 2.34. ಬೆಲೆಯ ಅಂತರ ಮಾತ್ರ ಅದಕ್ಕಿಂತ ಬಹಳ ದೊಡ್ಡದು. ಎರಡನೆಯದು ಕೇಳೋಕೆ ಹಿತ, ಕಟ್ಟೋಣವೂ ಚೆನ್ನ. ಆದರೆ ನನ್ನಂಥವರಿಗೆ ಮೊದಲನೆಯ ಬಗೆಯದು ಧಾರಾಳ ಸಾಕು.

ನಾಲ್ಕು ಪಿನ್ನಿನ ಪಿಡಬ್ಲ್ಯುಎಂ (ಬೋರ್ಡಿನ ಸಂಕೇತದಿಂದ ವೇಗ ಹೊಂದಿಸುವ) ಫ್ಯಾನನ್ನೇ ತಗೊಳ್ಳಿ, ವೇಗ ತುಂಬಾ ಕೆಳಗಿನವರೆಗೆ ಇಳಿಸಬಹುದು. ಮೂರು ಪಿನ್ನಿನದು ಇದ್ದರೂ ನಡೆಯುತ್ತದೆ, ಆದರೆ ಬಯೋಸಿನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗಿನಲ್ಲಿ) ಆ ಹೆಡರನ್ನು, ಅಂದರೆ ಫ್ಯಾನ್ ಸಿಕ್ಕಿಸುವ ಪಿನ್ನುಗಳ ಜಾಗವನ್ನು, ವೋಲ್ಟೇಜಿನಿಂದ ವೇಗ ಹೊಂದಿಸುವ ಡಿಸಿ ಮೋಡಿಗೆ ಹಾಕಬೇಕು. ಇಲ್ಲದಿದ್ದರೆ ಸದಾ ಪೂರ್ತಿ ವೇಗದಲ್ಲಿ ಕಿರುಚುತ್ತಿರುತ್ತದೆ. ಒಂದೇ ಹೆಡರಿಗೆ ಎರಡು ಮೂರು ಫ್ಯಾನ್ ಸಿಕ್ಕಿಸುವಾಗ ಫ್ಯಾನಿನ ಬೆನ್ನ ಮೇಲಿನ ಆಂಪಿಯರ್ ಕೂಡಿಸಿ ನೋಡಿ. ಸಾಮಾನ್ಯ ಹೆಡರಿಗೆ 1 ಆಂಪಿಯರ್ ಮಿತಿ. ಬೇರಿಂಗ್ ಬಗ್ಗೆ ಒಂದು ಮಾತು: ಅಗ್ಗದ ಸ್ಲೀವ್ ಬೇರಿಂಗ್ ಫ್ಯಾನನ್ನು ಮೇಲ್ಗಡೆ ಮಲಗಿಸಿ ಹಾಕಬೇಡಿ. ಅಲ್ಲಿ ಬಿಸಿಯೂ ಜಾಸ್ತಿ, ಭಾರವೂ ಓರೆ ಬೀಳುತ್ತದೆ. ಬೇಗ ಸವೆದು ಗರಗರ ಶುರುವಾಗುತ್ತದೆ.

ಇನ್ನು ಜೋಡಣೆ. ಫ್ಯಾನಿನ ಯಾವ ಬದಿಗೆ ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟು ಇದೆಯೋ ಸಾಮಾನ್ಯವಾಗಿ ಆ ಬದಿಯಿಂದ ಗಾಳಿ ಹೊರಬರುತ್ತದೆ. ಚಂದಕ್ಕೆ ಅಂತ ಉಲ್ಟಾ ರೆಕ್ಕೆಯ ಫ್ಯಾನುಗಳೂ ಈಗ ಬಂದಿವೆ. ಅದಕ್ಕೇ ಒಂದು ತೆಳು ಕಾಗದದ ಚೂರು ಹಿಡಿದು ನೋಡಿಬಿಡೋದು ವಾಸಿ. ನಾನು ಮುಂದೆ ಎರಡು 140 ಹಾಕಿದೆ, ಒಳಕ್ಕೆ ಎಳೆಯುವ ಹಾಗೆ. ಕೆಳಗಿನದು ಕಾರ್ಡಿನ ನೇರಕ್ಕೆ, ಮೇಲಿನದು ಪ್ರೊಸೆಸರ್ ಕೂಲರಿನ (ಪ್ರೊಸೆಸರಿನ ಮೇಲೆ ಕೂತು ಅದರ ಬಿಸಿ ಎಳೆಯುವ ಭಾಗದ) ನೇರಕ್ಕೆ. ಹಿಂದೆ ಒಂದು 120, ಹೊರಕ್ಕೆ. ಒಳಗೆ ಬರುವ ಗಾಳಿ ಸ್ವಲ್ಪ ಜಾಸ್ತಿ ಇರಲಿ ಅನ್ನೋದು ಉದ್ದೇಶ. ಹಾಗಿದ್ದರೆ ಸಂದಿಗೊಂದಿಗಳಿಂದ ಗಾಳಿ ಹೊರಗೆ ಹೋಗುತ್ತದೆ, ಧೂಳು ಒಳಗೆ ಬರುವುದಿಲ್ಲ.

ಆಮೇಲೆ ಊದುಬತ್ತಿ ಹಚ್ಚಿದೆ. ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಮುಂದಿನ ಜಾಲರಿಗೆ ಎರಡು ಇಂಚು ದೂರ ಹಿಡಿದರೆ ಹೊಗೆಯ ಎಳೆ ಬಾಗಿ ಒಳಗೆ ಹೋಗುತ್ತದೆ, ಪಕ್ಕದ ಗಾಜಿನಿಂದ ಅದು ಎಲ್ಲಿಗೆ ಹೋಯಿತು ಅಂತ ಕಾಣುತ್ತದೆ. ಕೆಳಗಿನ ಫ್ಯಾನಿನ ಹೊಗೆ ಸೀದಾ ಕಾರ್ಡಿನ ಹೊಟ್ಟೆಯ ಕೆಳಗೆ ಹರಿದು ಅದರ ಫ್ಯಾನುಗಳಿಗೆ ಸಿಕ್ಕಿತು. ಚೆನ್ನಾಗಿತ್ತು. ನಂತರ ಮೇಲ್ಗಡೆ, ಮುಂಭಾಗದ ತೂತಿಗೆ ಇನ್ನೊಂದು ಫ್ಯಾನ್ ಹೊರಮುಖವಾಗಿ ಕಟ್ಟಿ ನೋಡಿದೆ. ಮೇಲಿನ 140 ಎಳೆದ ಹೊಗೆ ಕೂಲರ್ ತನಕ ಹೋಗಲೇ ಇಲ್ಲ, ಅರ್ಧದಲ್ಲೇ ತಿರುಗಿ ಮೇಲಕ್ಕೆ ಹಾರಿಹೋಯಿತು. ತಾಜಾ ಗಾಳಿ ಸುಮ್ನೆ ವ್ಯರ್ಥ ಅಲ್ವಾ? ಆ ಫ್ಯಾನ್ ತೆಗೆದು ತೂತಿಗೆ ರಟ್ಟು ಮುಚ್ಚಿದೆ. ಪ್ರೊಸೆಸರ್ ಎರಡು ಡಿಗ್ರಿ ತಣ್ಣಗಾಯಿತು. ಮೇಲೆ ಹಾಕಲೇಬೇಕೆಂದರೆ ಹಿಂದಿನ ತೂತಿಗೆ ಹಾಕಿ, ಕೂಲರನ್ನು ದಾಟಿದ ಗಾಳಿ ಅಲ್ಲಿರುತ್ತದೆ.

ಹಿಂಭಾಗದಲ್ಲೂ ಊದುಬತ್ತಿ ಹಿಡಿದೆ. ಮೇಜು ಗೋಡೆಗೆ ಒತ್ತಿಕೊಂಡಿತ್ತು. ಹೊರಗೆ ಬಂದ ಗಾಳಿ ಗೋಡೆಗೆ ಬಡಿದು ಸುತ್ತಿಕೊಂಡು ಮುಂದಕ್ಕೇ ಬರುತ್ತಿತ್ತು. ಒಂದು ಗೇಣು ಜಾಗ ಬಿಟ್ಟ ಮೇಲೆ ಆ ಸುತ್ತು ನಿಂತಿತು. ಹೊಗೆಯ ಪರೀಕ್ಷೆ ಒಂದೆರಡು ನಿಮಿಷದಲ್ಲೇ ಮುಗಿಸಿ, ಅದರ ಜಿಡ್ಡು ಒಳಗೆ ಕೂರೋದು ಬೇಡ.

ವೇಗದ ಹೊಂದಾಣಿಕೆಗೆ ನಾನು ಸಮಯ ಕೊಟ್ಟಿದ್ದು ಹೆಚ್ಚು, ಫಲ ಸಿಕ್ಕಿದ್ದೂ ಅಲ್ಲೇ. ಬಯೋಸ್ ಸಾಮಾನ್ಯವಾಗಿ ಪ್ರೊಸೆಸರಿನ ಬಿಸಿ ನೋಡಿ ಫ್ಯಾನ್ ಓಡಿಸುತ್ತದೆ. ಪ್ರೊಸೆಸರ್ ಬಿಸಿ ಒಂದು ಕ್ಲಿಕ್ಕಿಗೇ ಹತ್ತು ಡಿಗ್ರಿ ಜಿಗಿಯುತ್ತದೆ, ಫ್ಯಾನು ಸುಯ್ ಅಂತ ಏರುತ್ತದೆ, ಇಳಿಯುತ್ತದೆ. ಎಡಿಟಿಂಗಿನಲ್ಲಿ ಹಾಡಿನ ಸದ್ದು ಕೂಡಿಸುವಾಗ ಇದು ತಲೆ ತಿನ್ನುತ್ತದೆ. ಜಾಸ್ತಿ ಬಿಸಿ ಕಕ್ಕುವ ಕಾರ್ಡನ್ನಂತೂ ಬಯೋಸ್ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದಕ್ಕೆ ಫ್ಯಾನ್ ಕಂಟ್ರೋಲ್ ಅನ್ನೋ ಉಚಿತ ತಂತ್ರಾಂಶ ಹಾಕಿಕೊಂಡೆ. ಮುಂದಿನ ಎರಡು ಫ್ಯಾನು ಕಾರ್ಡಿನ ಬಿಸಿಗೆ, ಹಿಂದಿನದು ಕಾರ್ಡ್, ಪ್ರೊಸೆಸರ್ ಎರಡರಲ್ಲಿ ಯಾವುದರ ಬಿಸಿ ಹೆಚ್ಚೋ ಅದಕ್ಕೆ. ಕಾರ್ಡ್ 50 ಡಿಗ್ರಿ ಇರುವ ತನಕ ಪೂರ್ತಿ ವೇಗದ 40 ಶೇಕಡಾ, 75ಕ್ಕೆ 80 ಶೇಕಡಾ. ಅಲ್ಲಿಂದ ಮೇಲೆ ಏರಿಸಿದರೆ ಸದ್ದು ಏರುತ್ತದೆ, ಬಿಸಿ ಇಳಿಯುವುದಿಲ್ಲ. ಏರಿಳಿತಕ್ಕೆ ಕೆಲವು ಸೆಕೆಂಡ್ ತಡ ಇಟ್ಟೆ. 1,100 ಆರ್‌ಪಿಎಂ ಹತ್ತಿರ ಕ್ಯಾಬಿನೆಟ್ಟಿನ ಮೇಲಿನ ತಗಡು ಗುಂಯ್ ಅನ್ನುತ್ತಿತ್ತು. ಸ್ಕ್ರೂ ತೆಗೆದು ರಬ್ಬರ್ ಪಿನ್ ಹಾಕಿದೆ, ತಂತ್ರಾಂಶದಲ್ಲಿ ಫ್ಯಾನ್ ವೇಗದ ಗೆರೆ ಆ ವೇಗವನ್ನು ದಾಟಿ ಜಿಗಿಯುವ ಹಾಗೆ ಮಾಡಿದೆ.

ಈಗ ರೂಮು 38 ಇದ್ದಾಗ ರೆಂಡರಿನಲ್ಲಿ ಕಾರ್ಡ್ 74ರಲ್ಲಿ ನಿಲ್ಲುತ್ತದೆ, ವೇಗ ಬೀಳುವುದಿಲ್ಲ.

ನಮ್ಮೂರಲ್ಲಿ ಉಳಿಯೋದು ಧೂಳಿನ ಕಾಟ. ತೊಗರಿ ಬೇಳೆ ಮಿಲ್ಲುಗಳ ಊರು ಇದು. ಫಿಲ್ಟರ್ ಮೇಲೆ ತೆಳ್ಳಗೆ ಬೂದು ಪದರ ಕಟ್ಟಿದರೂ ಕಾರ್ಡ್ ಮೂರ್ನಾಲ್ಕು ಡಿಗ್ರಿ ಮೇಲೆ ಹೋಗುತ್ತದೆ. ಅದೇ ನನಗೆ ಸೂಚನೆ: ರೂಮಿಗೂ ಕಾರ್ಡಿಗೂ ಅಂತರ 36 ಇದ್ದದ್ದು 40 ಆಯಿತೆಂದರೆ ಫಿಲ್ಟರ್ ಕಳಚಿ ನಲ್ಲಿ ಕೆಳಗೆ ತೊಳೆದು ಪೂರ್ತಿ ಒಣಗಿಸಿ ಹಾಕುತ್ತೇನೆ. ತಳದಲ್ಲಿ ಪವರ್ ಸಪ್ಲೈಗೆ ಬೇರೆ ಫಿಲ್ಟರ್ ಇದೆ, ಕಣ್ಣಿಗೆ ಬೀಳೋದಿಲ್ಲ, ಅದನ್ನೂ ಎಳೆದು ನೋಡಬೇಕು. ಬ್ಲೋವರ್ ಹಿಡಿಯುವಾಗ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದಿರಿ. ಗಾಳಿಯ ರಭಸಕ್ಕೆ ವಿಪರೀತ ತಿರುಗಿದರೆ ಬೇರಿಂಗ್ ಹಾಳು, ಮೋಟಾರಿನಿಂದ ಕರೆಂಟು ಹಿಮ್ಮುಖವಾಗಿ ಬೋರ್ಡಿಗೂ ಹೋಗಬಹುದು.