ಬ್ರೈಟ್‌ನೆಸ್ ಇಳಿಸಿದಷ್ಟೂ ತಲೆನೋವು ಏರುತ್ತಿತ್ತು

ನನ್ನದು ದಿನವಿಡೀ ಅಕ್ಷರ ನೋಡುವ ಕೆಲಸ. ಬೇರೆಯವರು ಬರೆದದ್ದನ್ನು ತಿದ್ದುತ್ತೇನೆ. ದಿನಕ್ಕೆ ಎಂಟೊಂಬತ್ತು ಗಂಟೆ ಪರದೆಯ ಮುಂದೆಯೇ ಕಳೆಯುತ್ತದೆ. ಹಳೆಯ ಮಾನಿಟರ್ ಕೆಟ್ಟು, ಹೊಸದಾಗಿ 27 ಇಂಚಿನದೊಂದು ತಂದೆ. ಎರಡು ವಾರ ಕಳೆಯುವಷ್ಟರಲ್ಲಿ ತಲೆನೋವು ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಹುಬ್ಬಿನ ಮೇಲೆ ಯಾರೋ ಒತ್ತಿದ ಹಾಗೆ. ಸಂಜೆಗೆ ಕಣ್ಣುರಿ. ರಜೆಯ ದಿನ ಮಾತ್ರ ಏನೂ ಇರುತ್ತಿರಲಿಲ್ಲ.

ಬೆಳಕು ಜಾಸ್ತಿಯಾಗಿರಬೇಕು ಅಂದುಕೊಂಡೆ. ಬ್ರೈಟ್‌ನೆಸ್ಸನ್ನು 80ರಿಂದ 50ಕ್ಕೆ ಇಳಿಸಿದೆ. ಆಮೇಲೆ 20ಕ್ಕೆ. ನೋವು ಕಡಿಮೆಯಾಗುವ ಬದಲು ಇನ್ನೂ ಬೇಗ ಬರತೊಡಗಿತು. ಇದು ನನಗೆ ಅರ್ಥವೇ ಆಗಲಿಲ್ಲ.

ಕಣ್ಣಿನ ಡಾಕ್ಟರ ಹತ್ತಿರ ಹೋದೆ. ನೀವೂ ಮೊದಲು ಇದನ್ನೇ ಮಾಡಿ, ಮಾನಿಟರಿಗೆ ದುಡ್ಡು ಸುರಿಯುವುದು ಆಮೇಲೆ. ಕಣ್ಣಿಗೂ ಪರದೆಗೂ ಎಷ್ಟು ದೂರ ಎಂದು ಅವರು ಕೇಳಿದರು. ನಾನು ಅಳೆದುಕೊಂಡು ಹೋಗಿದ್ದೆ, 65 ಸೆಂಟಿಮೀಟರ್. ನನ್ನ ಕನ್ನಡಕ ಪುಸ್ತಕದ ದೂರಕ್ಕೆ ಸರಿಯಿತ್ತು, ಪರದೆಯ ದೂರಕ್ಕೆ ಇರಲಿಲ್ಲ. ಕನ್ನಡಕ ಬದಲಾಯಿಸಿದ ಮೇಲೆ ಅರ್ಧ ಆರಾಮವಾಯಿತು. ಕತ್ತು ಚಾಚುವುದು ನಿಂತಿತು. ಆದರೆ ಹುಬ್ಬಿನ ಮೇಲಿನ ಒತ್ತು ಹೋಗಲಿಲ್ಲ.

ಒಂದು ಸಂಜೆ ಏನೋ ಯೋಚಿಸುತ್ತಾ ಕೈಯಲ್ಲಿದ್ದ ಪೆನ್ಸಿಲನ್ನು ಅತ್ತಿತ್ತ ಆಡಿಸುತ್ತಿದ್ದೆ. ಹಿಂದೆ ಪರದೆಯ ಮೇಲೆ ಬಿಳಿ ಪುಟ ತೆರೆದಿತ್ತು. ಪೆನ್ಸಿಲ್ ಒಂದೇ ಮಸುಕು ಗೆರೆಯಾಗಿ ಕಾಣಬೇಕಿತ್ತು, ಅಲ್ವಾ? ಅದು ಬೀಸಣಿಗೆಯ ಕಡ್ಡಿಗಳಂತೆ ಬಿಡಿಬಿಡಿಯಾಗಿ ಏಳೆಂಟು ಪೆನ್ಸಿಲ್ ಆಗಿ ಕಂಡಿತು. ಕಿಟಕಿಯ ಬೆಳಕಿಗೆ ಹಿಡಿದು ಆಡಿಸಿದೆ, ಬರೀ ಮಸುಕು. ಮತ್ತೆ ಪರದೆಯ ಮುಂದೆ ಹಿಡಿದೆ, ಬಿಡಿಬಿಡಿ. ಬ್ರೈಟ್‌ನೆಸ್ 100ಕ್ಕೆ ಏರಿಸಿದೆ. ಬಿಡಿ ಪೆನ್ಸಿಲ್‌ಗಳು ಮಾಯ!

ಆಗ ಗೊತ್ತಾಯಿತು, ನನ್ನ ಮಾನಿಟರ್ ಮಿನುಗುತ್ತಿತ್ತು. ಕೆಲವು ಮಾನಿಟರ್‌ಗಳು ಬೆಳಕು ತಗ್ಗಿಸುವಾಗ ನಿಜಕ್ಕೂ ಅದನ್ನು ಮಂಕು ಮಾಡುವುದಿಲ್ಲ. ಹಿಂಬದಿಯ ಎಲ್ಇಡಿಗಳನ್ನು ಸೆಕೆಂಡಿಗೆ ನೂರಾರು ಸಲ ಪೂರ್ತಿ ಆರಿಸಿ ಹತ್ತಿಸುತ್ತವೆ. ಆರಿರುವ ಹೊತ್ತು ಹೆಚ್ಚಿದಷ್ಟೂ ನಮಗೆ ಪರದೆ ಮಂಕಾಗಿ ಕಾಣುತ್ತದೆ. ಇದಕ್ಕೆ ಪಿಡಬ್ಲ್ಯುಎಂ ಅನ್ನುತ್ತಾರೆ. ಬ್ರೈಟ್‌ನೆಸ್ ಇಳಿಸಿದಷ್ಟೂ ಕತ್ತಲೆಯ ತುಂಡು ದೊಡ್ಡದಾಗುತ್ತದೆ. ಕಣ್ಣಿಗೆ ಒಳ್ಳೆಯದಾಗಲಿ ಅಂತ ನಾನು ಮಾಡುತ್ತಿದ್ದ ಕೆಲಸವೇ ತಲೆನೋವನ್ನು ಕರೆಯುತ್ತಿತ್ತು.

ಕಣ್ಣಿಗೆ ಕಾಣದ ಮಿನುಗು ತಲೆನೋವು ತರುತ್ತದೆಯೇ ಎಂಬ ಅನುಮಾನ ನನಗೂ ಇತ್ತು. 1989ರಲ್ಲಿ ಬ್ರಿಟನ್ನಿನ ಮನೋವಿಜ್ಞಾನಿ ಆರ್ನಾಲ್ಡ್ ವಿಲ್ಕಿನ್ಸ್ ಮತ್ತು ಸಂಗಡಿಗರು ಕಚೇರಿಯ ಟ್ಯೂಬ್‌ಲೈಟ್‌ಗಳ ಬಗ್ಗೆ ನಡೆಸಿದ ಅಧ್ಯಯನ ಓದಿದ ಮೇಲೆ ಅದು ಹೋಯಿತು. ಹಳೆಯ ಚೋಕ್ ಇದ್ದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತಿದ್ದವು. ಅದು ಕಣ್ಣಿಗೆ ತಿಳಿಯುವುದಿಲ್ಲ. ಎಲೆಕ್ಟ್ರಾನಿಕ್ ಚೋಕ್ ಹಾಕಿ ಆ ವೇಗವನ್ನು ಹತ್ತಾರು ಸಾವಿರಕ್ಕೆ ಏರಿಸಿದಾಗ ತಲೆನೋವು, ಕಣ್ಣುನೋವಿನ ದೂರು ಅರ್ಧಕ್ಕಿಂತ ಕೆಳಗಿಳಿಯಿತು. ಎಲ್ಲರಿಗೂ ಇದು ತಟ್ಟುವುದಿಲ್ಲ ನಿಜ. ನನ್ನ ಮಾನಿಟರಿನಲ್ಲೇ ನನ್ನ ತಮ್ಮ ಗಂಟೆಗಟ್ಟಲೆ ಕೂತರೂ ಅವನಿಗೆ ಏನೂ ಆಗುತ್ತಿರಲಿಲ್ಲ. ಹಾಗಂತ ನೋವು ಬರುವವರದ್ದು ಸುಮ್ನೆ ಭ್ರಮೆ ಅನ್ನುವುದು ತಪ್ಪು.

ಎರಡನೇ ಸಲ ಕೊಳ್ಳುವಾಗ ಪೆನ್ಸಿಲ್ ಜೇಬಿನಲ್ಲೇ ಇತ್ತು. ಡಬ್ಬಿಯ ಮೇಲಿನ 'ಫ್ಲಿಕರ್ ಫ್ರೀ', ಅಂದರೆ ಮಿನುಗುವುದಿಲ್ಲ, ಎಂಬ ಚೀಟಿಯನ್ನಷ್ಟೇ ನಂಬಲಿಲ್ಲ. ಅಂಗಡಿಯಲ್ಲಿ ಮಾನಿಟರ್‌ಗಳನ್ನು ಸಾಮಾನ್ಯವಾಗಿ ಪೂರ್ತಿ ಬೆಳಕಿನಲ್ಲಿ ಇಟ್ಟಿರುತ್ತಾರೆ. ಆಗ ಪಿಡಬ್ಲ್ಯುಎಂ ಸಿಕ್ಕಿಬೀಳುವುದೇ ಇಲ್ಲ. ಹಾಗಾಗಿ ಕೇಳಿ ಬ್ರೈಟ್‌ನೆಸ್ 20ಕ್ಕೆ ಇಳಿಸಿಸಿಕೊಂಡೆ, ಬಿಳಿ ಪುಟ ತೆರೆಸಿದೆ, ಪೆನ್ಸಿಲ್ ಆಡಿಸಿದೆ. ಫೋನಿನ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರ್ ವೇಗ ಸೆಕೆಂಡಿನ 1/2000ಕ್ಕೆ ಇಟ್ಟೂ ನೋಡಿದೆ. ಮಿನುಗುವ ಪರದೆಯ ಮೇಲೆ ಕಪ್ಪು ಪಟ್ಟೆಗಳು ಎದ್ದು ಕಾಣುತ್ತವೆ. ನೋಡಿದ ಐದರಲ್ಲಿ ಒಂದರಲ್ಲಿ ಪಟ್ಟೆ ಬಂತು. ಅದನ್ನು ಅಲ್ಲೇ ಬಿಟ್ಟೆ.

ಆಮೇಲೆ ಅಕ್ಷರದ ನುಣುಪು. ನನ್ನ ಮೊದಲ 27 ಇಂಚಿನದು 1920×1080ರದ್ದು. ಅಂದರೆ ಇಂಚಿಗೆ ಸುಮಾರು 82 ಪಿಕ್ಸೆಲ್. ಇಂಗ್ಲಿಷ್ ಹೇಗೋ ನಡೆಯುತ್ತದೆ. ಕನ್ನಡದ ಒತ್ತಕ್ಷರ, ಕೊಂಬು, ದೀರ್ಘಗಳು ಅಷ್ಟು ಕಡಿಮೆ ಪಿಕ್ಸೆಲ್‌ನಲ್ಲಿ ಕಲಸಿಹೋಗುತ್ತವೆ. ಕಣ್ಣು ಪ್ರತಿ ಪದವನ್ನೂ ಊಹಿಸುತ್ತಾ ಓದಬೇಕಾಗುತ್ತದೆ. ಅದೇ ಅಳತೆಯಲ್ಲಿ 2560×1440 ಇದ್ದರೆ ಇಂಚಿಗೆ ಸುಮಾರು 109 ಪಿಕ್ಸೆಲ್, 4ಕೆ (ಅಂದರೆ 3840×2160) ಇದ್ದರೆ 163. ಕೈಗೆಟಕುವುದಾದರೆ 4ಕೆ ತೆಗೆದುಕೊಳ್ಳಿ, ಅಕ್ಷರಗಳನ್ನು ಶೇ 150ಕ್ಕೆ ದೊಡ್ಡದು ಮಾಡಿಕೊಳ್ಳಿ. ಅಚ್ಚಾದ ಪುಟ ಓದಿದ ಹಾಗಿರುತ್ತದೆ. ನಾನು ಹಾಗೇ ಮಾಡಿದೆ. ಸೆಕೆಂಡಿಗೆ 240 ಸಲ ಚಿತ್ರ ಬದಲಿಸುವ ಗೇಮಿಂಗ್‌ನ 240 ಹರ್ಟ್ಜ್ ಪರದೆ ನನಗೆ ಬೇಕಿರಲಿಲ್ಲ, ಆ ಹಣವನ್ನು ಪಿಕ್ಸೆಲ್‌ಗೆ ಹಾಕಿದೆ. ಪರದೆ ಮ್ಯಾಟ್ ಆಗಿರಲಿ, ಆದರೆ ಬಿಳಿ ಪುಟದ ಮೇಲೆ ಸಣ್ಣ ಮರಳು ಚೆಲ್ಲಿದಂತೆ ಮಿರಮಿರ ಅನ್ನುವ ಒರಟು ಮ್ಯಾಟ್ ಬೇಡ. ಸ್ಟ್ಯಾಂಡ್ ಮೇಲೆ ಕೆಳಗೆ ಸರಿಯಬೇಕು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಬರಬೇಕು.

ನೀಲಿ ಬೆಳಕಿನ ಕನ್ನಡಕಕ್ಕೆ ನಾನು ಹಣ ಹಾಕಲಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆಯ ಪ್ರಕಾರ ಅವುಗಳಿಂದ ಪರದೆ ನೋಡುವವರ ಕಣ್ಣಿನ ಆಯಾಸ ಕಡಿಮೆಯಾಗುವ ಸಾಧ್ಯತೆ ಕಾಣುವುದಿಲ್ಲ. ಅದಕ್ಕಿಂತ ಕೋಣೆಯ ಬೆಳಕು ಮುಖ್ಯ. ಪರದೆಯ ಪಕ್ಕ ಒಂದು ಬಿಳಿ ಹಾಳೆ ಹಿಡಿಯಿರಿ. ಪರದೆಯ ಬಿಳಿ ಆ ಹಾಳೆಗಿಂತ ಉರಿಯುತ್ತಿದ್ದರೆ ಇಳಿಸಿ, ಮಂಕಾಗಿದ್ದರೆ ಏರಿಸಿ. ನಾನು ಹಗಲು 45, ರಾತ್ರಿ 25ಕ್ಕೆ ಇಡುತ್ತೇನೆ. ಕಿಟಕಿ ಬೆನ್ನ ಹಿಂದೆ ಇತ್ತು, ಮೇಜು ತಿರುಗಿಸಿ ಅದನ್ನು ಪಕ್ಕಕ್ಕೆ ತಂದೆ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದನ್ನೇ ಮರೆಯುತ್ತೇವೆ. ಎಷ್ಟು ಒಳ್ಳೆಯ ಮಾನಿಟರ್ ಇದ್ದರೂ ಅದು ತಪ್ಪಿದ್ದಲ್ಲ. ಅದಕ್ಕೇ ಪ್ರತಿ 20 ನಿಮಿಷಕ್ಕೊಮ್ಮೆ ಎದ್ದು ಹೊರಗಿನ ಮರ ನೋಡುತ್ತೇನೆ.

ಹೊಸ ಮಾನಿಟರ್ ಬಂದ ಎರಡನೇ ವಾರ ಹುಬ್ಬಿನ ಒತ್ತು ನಿಂತಿತು. ಹಳೆಯದನ್ನು ಎಸೆದಿಲ್ಲ. ಬ್ರೈಟ್‌ನೆಸ್ 100ರಲ್ಲೇ ಬಿಟ್ಟು, ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಚಿತ್ರವನ್ನಷ್ಟೇ ಮಂಕು ಮಾಡಿದ್ದೇನೆ. ಹಾಗೆ ಮಾಡಿದರೆ ಹಿಂಬದಿಯ ದೀಪ ಆರುವುದಿಲ್ಲ. ಬಣ್ಣ ಸ್ವಲ್ಪ ಸಪ್ಪೆ, ಆದರೆ ಪೆನ್ಸಿಲ್ ಈಗ ಅದರ ಮುಂದೆಯೂ ಒಂದೇ ಗೆರೆಯಾಗಿ ಕಾಣುತ್ತದೆ. ಈಗಲೇ ಹೊಸದು ಕೊಳ್ಳಲು ಆಗದವರು ಇಷ್ಟನ್ನು ಇವತ್ತೇ ಮಾಡಿ ನೋಡಬಹುದು.